ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಈ ಗಾದೆ ಕೇಳದವರು ನಮ್ಮ ಹಳ್ಳಿಗಳಲ್ಲಿ ಯಾರೂ ಇರಲಾರರು. ತಪ್ಪು ಒಬ್ಬನದು, ಶಿಕ್ಷೆ ಇನ್ನೊಬ್ಬನಿಗೆ ಎಂಬಲ್ಲಿ ಇದನ್ನು ಬಳಸುತ್ತೇವೆ. ಆದರೆ ಪ್ರಿಯ ಓದುಗರೇ, ಇದನ್ನು ವೈದ್ಯದ ಮಾತಾಗಿಯೇ ತೆಗೆದುಕೊಂಡರೂ ತಪ್ಪಿಲ್ಲ. ಯಾರಿಗೋ ಹೊಂದುವ ಔಷಧವನ್ನು ಇನ್ಯಾರಿಗೋ ಕೊಟ್ಟರೆ ರೋಗ ಹೋಗುವುದಿಲ್ಲ, ಬರೆ ಮಾತ್ರ ಉಳಿಯುತ್ತದೆ.

ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಆದೋನಿ ಪೇಟೆಯಲ್ಲಿ ತಲೆಮಾರುಗಳಿಂದ ವ್ಯಾಪಾರ ನಡೆಸಿಕೊಂಡು ಬಂದಿರುವ ವೈಶ್ಯ ಸಮುದಾಯದವರಿದ್ದಾರೆ. ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ಕೊಡುವಾಗ ಸ್ನಾಯುಗಳನ್ನು ಸಡಿಲಗೊಳಿಸಲು ಸಕ್ಸಿನೈಲ್‌ಕೋಲಿನ್ ಎಂಬ ಔಷಧವನ್ನು ಬಳಸುವುದುಂಟು. ಅದರ ಪ್ರಭಾವ ಸಾಮಾನ್ಯವಾಗಿ ಕೆಲವೇ ನಿಮಿಷ. ನಮ್ಮ ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ವೈಶ್ಯ ಸಮುದಾಯದ ಕೆಲವರಲ್ಲಿ ಆ ಕಿಣ್ವವನ್ನು ತಯಾರಿಸುವ ಜೀನಿನಲ್ಲಿ ಸಣ್ಣದೊಂದು ಅಕ್ಷರ ಬದಲಾಗಿರುವುದನ್ನು 2006ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿಕೊಟ್ಟಿತು. ಅಂಥವರಿಗೆ ಈ ಔಷಧ ಕೊಟ್ಟರೆ ಗಂಟೆಗಟ್ಟಲೆ ತಾವಾಗಿ ಉಸಿರಾಡಲಾರರು, ಯಂತ್ರದ ಆಸರೆ ಬೇಕಾಗುತ್ತದೆ. ಮೊದಲೇ ತಿಳಿದಿದ್ದರೆ ಬೇರೆ ಔಷಧ ಬಳಸಿದರಾಯಿತು, ಅಷ್ಟೇ. ಇದು ಆ ಒಂದು ಸಮುದಾಯದ ಕೊರತೆಯೇನೂ ಅಲ್ಲ. ತಮ್ಮತಮ್ಮಲ್ಲೇ ಮದುವೆ ಮಾಡಿಕೊಂಡು ಬಂದಿರುವ ನಮ್ಮ ದೇಶದ ಪ್ರತಿಯೊಂದು ಜನಸಮುದಾಯದ ರಕ್ತದಲ್ಲೂ ಇಂಥ ಗುಟ್ಟುಗಳು ಅಡಗಿವೆ. ಕೆಲವು ತಿಳಿದಿವೆ, ಹಲವು ತಿಳಿದಿಲ್ಲ.

ರೋಗಿಯ ದೇಹದ ಇಂಥ ಗುಟ್ಟುಗಳನ್ನು ಓದಿಕೊಂಡು ಅವರಿಗೇ ಹೊಂದುವ ಔಷಧ ಕೊಡುವುದನ್ನು ನಿಖರ ಚಿಕಿತ್ಸೆ ಎನ್ನುತ್ತಾರೆ. ನಾನು ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ವೈದ್ಯಳೂ ಅಲ್ಲ, ವಿಜ್ಞಾನಿಯೂ ಅಲ್ಲ. ಆದರೂ ಈ ವಿಷಯವನ್ನು ಕಲಿಯಲೇಬೇಕಾದ ಸಂದರ್ಭ ನಮ್ಮ ಮನೆಗೇ ಬಂತು.

2022ರಲ್ಲಿ ಹೊಳಗುಂದದ ಕಡೆ ಕೊಟ್ಟಿರುವ ನನ್ನ ತಂಗಿಗೆ ಎದೆಯಲ್ಲಿ ಗಂಟು ಕಾಣಿಸಿತು. ಆಗ ಅವಳಿಗೆ 54 ವರ್ಷ. ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಕ್ಯಾನ್ಸರ್ ಎಂದು ತಿಳಿಯಿತು, ಶಸ್ತ್ರಚಿಕಿತ್ಸೆಯೂ ಆಯಿತು. ಗಂಟು ಚಿಕ್ಕದಿತ್ತು, ಕಂಕುಳಿನ ಗ್ರಂಥಿಗಳಿಗೆ ಹರಡಿರಲಿಲ್ಲ. ಹೆಣ್ತನದ ಹಾರ್ಮೋನಿನ ಬಲದಿಂದ ಬೆಳೆಯುವ ಬಗೆಯ ಕ್ಯಾನ್ಸರ್ ಅದು. ದಿನಕ್ಕೊಂದು ಹಾರ್ಮೋನ್ ತಡೆಯುವ ಮಾತ್ರೆ ಐದು ವರ್ಷ ಬೇಕೇ ಬೇಕು ಎಂದರು. ಅದರ ಜೊತೆಗೆ ಕೀಮೊ ಬೇಕೋ ಬೇಡವೋ ಎಂಬುದೇ ಉಳಿದ ಪ್ರಶ್ನೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ದೊಡ್ಡ ರೋಗಕ್ಕೆ ದೊಡ್ಡ ಮದ್ದೇ ಆಗಬೇಕು ಎಂದು ಹಿರಿಯರು. ಕೂದಲು ಉದುರಿ, ಊಟ ಸೇರದೆ, ಹಾಸಿಗೆ ಹಿಡಿದವರನ್ನು ಕಂಡಿದ್ದ ತಂಗಿಗೆ ಕೀಮೊ ಎಂದರೆ ನಡುಕ. ಆಗ ಡಾಕ್ಟರು, ತೆಗೆದ ಗಂಟಿನಲ್ಲಿ ಜೀನುಗಳ ಚಟುವಟಿಕೆಯನ್ನು ಅಳೆದು, ಲೆಕ್ಕ ಹಾಕಿ ಹೇಳುವ ಪರೀಕ್ಷೆಯೊಂದಿದೆ ಎಂದರು.

ಜೀನುಗಳ ಚಟುವಟಿಕೆ ಎಂದರೇನು? ಹತ್ತಿಯ ಸೀಮೆಯವರಾದ ನಮಗೆ ಇದು ಕಷ್ಟವಾಗಬಾರದು. ಒಂದು ಹತ್ತಿ ಬೀಜದಿಂದ ಬೇರು, ಎಲೆ, ಹೂವು, ಕಾಯಿ ಎಲ್ಲವೂ ಬರುತ್ತವೆ. ಬೇರಿನ ಕಣದಲ್ಲೂ ಕಾಯಿಯ ಕಣದಲ್ಲೂ ಇರುವ ಬರಹ ಒಂದೇ. ಆದರೂ ಬೇರಿನಲ್ಲಿ ಅರಳೆ ಬಿಡುವುದಿಲ್ಲ. ಏಕೆಂದರೆ ಅರಳೆಯ ಕೆಲಸ ಮಾಡುವ ಜೀನುಗಳು ಬೇರಿನಲ್ಲಿ ಸುಮ್ಮನೆ ಮಲಗಿರುತ್ತವೆ. ಮನುಷ್ಯನೂ ಹಾಗೆಯೇ. ಪ್ರೋಟೀನು ತಯಾರಿಸುವ ಸುಮಾರು 20,000 ಜೀನುಗಳು ನಮ್ಮ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇವೆ. ಕಣ್ಣಿನಲ್ಲಿ ಎಚ್ಚರವಾಗಿರುವವು ಬೇರೆ, ಯಕೃತ್ತಿನಲ್ಲಿ ಎಚ್ಚರವಾಗಿರುವವು ಬೇರೆ. ಎಮ್ಮಿಗನೂರಿನ ನೇಕಾರರ ಓಣಿಯಲ್ಲಿ ನಿಂತರೆ, ಒಳಗೆ ಹೋಗದೆಯೇ ಯಾವ ಮನೆಯ ಮಗ್ಗ ಓಡುತ್ತಿದೆ, ಯಾವುದು ನಿಂತಿದೆ ಎಂದು ಸದ್ದಿನಿಂದಲೇ ಹೇಳಬಹುದು. ಕೆಲಸ ಮಾಡುತ್ತಿರುವ ಜೀನು ಆರ್‌ಎನ್‌ಎ ಎಂಬ ಸಂದೇಶವನ್ನು ಹೊರಡಿಸುತ್ತದೆ. ಅದೇ ಅದರ ಮಗ್ಗದ ಸದ್ದು. ಆ ಸಂದೇಶ ಎಷ್ಟಿದೆ ಎಂದು ಅಳೆದರೆ ಯಾವ ಜೀನು ಎಷ್ಟು ದುಡಿಯುತ್ತಿದೆ ಎಂದು ಗೊತ್ತಾಗುತ್ತದೆ. ಕ್ಯಾನ್ಸರ್ ಗಂಟಿನಲ್ಲಿ ಕೆಲವು ಮಗ್ಗಗಳು ಹಗಲೂ ರಾತ್ರಿ ಓಡುತ್ತಿರುತ್ತವೆ.

ಆದರೆ ಸದ್ದು ಕೇಳಿದರೆ ಸಾಲದು, ಅದರ ಅರ್ಥ ಹೇಳುವವರು ಬೇಕು. ಅದಕ್ಕೇ ಕಂಪ್ಯೂಟರಿನ ಲೆಕ್ಕದ ಮಾದರಿ. ಆದೋನಿಯ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯ ದರ ಕಟ್ಟುವ ಅನುಭವಿಯನ್ನು ನೀವು ನೋಡಿರುತ್ತೀರಿ. ಒಂದು ಹಿಡಿ ಹತ್ತಿ ಎಳೆದು ನೋಡಿ, ಎಳೆ ಎಷ್ಟು ಉದ್ದ, ತೇವ ಎಷ್ಟು, ನೂಲು ಹೇಗೆ ಬಂದೀತು ಎಂದು ಹೇಳಿಬಿಡುತ್ತಾನೆ. ಸಾವಿರಾರು ಗಂಟುಗಳನ್ನು ನೋಡಿ ನೋಡಿ, ಯಾವುದು ಕೊನೆಗೆ ಹೇಗಾಯಿತು ಎಂದು ನೆನಪಿಟ್ಟು ಕಲಿತ ವಿದ್ಯೆ ಅದು. ಕಂಪ್ಯೂಟರ್ ಮಾದರಿಯೂ ಹೀಗೆಯೇ ಕಲಿಯುತ್ತದೆ. ಹಿಂದಿನ ರೋಗಿಗಳ ಗಂಟಿನಲ್ಲಿ ಯಾವ ಜೀನು ಎಷ್ಟು ಸದ್ದು ಮಾಡುತ್ತಿತ್ತು, ಅವರಿಗೆ ಮುಂದೇನಾಯಿತು ಎಂಬ ಎರಡನ್ನೂ ಕೂಡಿಸಿ ನೋಡುತ್ತದೆ. ಹೊಸ ರೋಗಿಯ ಸದ್ದು ಯಾರದನ್ನು ಹೋಲುತ್ತದೆ ಎಂದು ಹೇಳುತ್ತದೆ.

ನೆದರ್ಲೆಂಡ್ಸ್ ದೇಶದ ಸಂಶೋಧಕರು 2002ರಲ್ಲಿ 70 ಜೀನುಗಳ ಇಂಥ ಲೆಕ್ಕವನ್ನು ಸ್ತನ ಕ್ಯಾನ್ಸರಿಗೆ ಕಟ್ಟಿದರು. 2004ರಲ್ಲಿ ಅಮೆರಿಕದಲ್ಲಿ 21 ಜೀನುಗಳ ಲೆಕ್ಕ ಬಂತು. ಅದರ ಹೆಸರು ಆಂಕೊಟೈಪ್. ಆ 21ರಲ್ಲಿ 16 ಕ್ಯಾನ್ಸರಿಗೆ ಸಂಬಂಧಪಟ್ಟವು, ಉಳಿದ 5 ಅಳತೆಗೋಲಿನಂತೆ ಹೋಲಿಸಿ ನೋಡಲು. ಕೋಶಗಳು ಬೇಗಬೇಗ ಒಡೆದು ಹೆಚ್ಚುವಂತೆ ಮಾಡುವ ಜೀನುಗಳ ಸದ್ದು ಜೋರಾಗಿದ್ದರೆ ಅಂಕ ಏರುತ್ತದೆ. ಹಾರ್ಮೋನಿಗೆ ಓಗೊಡುವ ಜೀನುಗಳ ಸದ್ದು ಜೋರಾಗಿದ್ದರೆ ಅಂಕ ಇಳಿಯುತ್ತದೆ. ಕೊನೆಗೆ ಸೊನ್ನೆಯಿಂದ ನೂರರವರೆಗೆ ಒಂದು ಅಂಕ. ಪರೀಕ್ಷೆಯ ಉತ್ತರಪತ್ರಿಕೆಗೆ ಅಂಕ ಹಾಕಿ ಅಭ್ಯಾಸವಿದ್ದ ನನಗೆ, ಇಲ್ಲಿ ಮಾತ್ರ ಅಂಕ ಕಡಿಮೆ ಬರಲಿ ಎಂದು ಬೇಡಿಕೊಳ್ಳುವ ಪರಿಸ್ಥಿತಿ!

ಈ ಅಂಕವನ್ನು ನಂಬಿ ಕೀಮೊ ಬಿಡಬಹುದೇ ಎಂದು ತಿಳಿಯಲು ದೊಡ್ಡದೊಂದು ಅಧ್ಯಯನ ನಡೆಯಿತು. ಟೈಲರ್‌ಎಕ್ಸ್ ಎಂದು ಅದರ ಹೆಸರು. 10,273 ಮಹಿಳೆಯರು ಅದರಲ್ಲಿ ಸೇರಿದ್ದರು. 11ರಿಂದ 25ರವರೆಗೆ ಅಂಕ ಬಂದವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರೆ ಮಾತ್ರ, ಇನ್ನೊಂದಕ್ಕೆ ಮಾತ್ರೆಯ ಜೊತೆ ಕೀಮೊ ಕೊಟ್ಟರು. 2018ರಲ್ಲಿ ಫಲಿತಾಂಶ ಹೊರಬಂತು. 9 ವರ್ಷಗಳ ನಂತರ ಕ್ಯಾನ್ಸರ್ ದೂರದ ಅಂಗಗಳಿಗೆ ಹರಡದೆ ಉಳಿದವರು ಮಾತ್ರೆಯ ಗುಂಪಿನಲ್ಲಿ ನೂರಕ್ಕೆ 94.5, ಕೀಮೊ ಗುಂಪಿನಲ್ಲಿ 95. ಹೆಚ್ಚು ವ್ಯತ್ಯಾಸವೇ ಇಲ್ಲ! ಎಂದರೆ ಅಂಥ ಸಾವಿರಾರು ತಾಯಂದಿರು ಕೀಮೊದ ಕಷ್ಟ ಅನುಭವಿಸಬೇಕಾಗಿಯೇ ಇಲ್ಲ. ಆದರೆ 50 ವರ್ಷದೊಳಗಿನವರಲ್ಲಿ 16ರಿಂದ 25 ಅಂಕ ಬಂದವರಿಗೆ ಕೀಮೊದಿಂದ ಸ್ವಲ್ಪ ಪ್ರಯೋಜನ ಕಂಡಿತು. ಈ ಮಾತು ನಮಗೆ ಮುಖ್ಯ. ಏಕೆಂದರೆ ನಮ್ಮ ದೇಶದ ಹೆಣ್ಣುಮಕ್ಕಳಿಗೆ ಈ ರೋಗ ಪಾಶ್ಚಾತ್ಯ ದೇಶಗಳವರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ಬರುತ್ತದೆ.

ಆ ಪರೀಕ್ಷೆಯ ವೆಚ್ಚ ಲಕ್ಷಗಟ್ಟಲೆ. ಬೆಂಗಳೂರಿನಲ್ಲೇ ರೂಪುಗೊಂಡ ಇನ್ನೊಂದು ಪರೀಕ್ಷೆಯ ಬಗ್ಗೆಯೂ ಡಾಕ್ಟರು ಹೇಳಿದರು. ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಎಂದು ಅದರ ಹೆಸರು. ಅದು ಜೀನಿನ ಸಂದೇಶದ ಬದಲು ಜೀನು ತಯಾರಿಸಿದ ಐದು ಪ್ರೋಟೀನುಗಳನ್ನು ನೋಡುತ್ತದೆ. ಅದಕ್ಕೆ ಗಂಟಿನ ಗಾತ್ರ, ದರ್ಜೆ ಮತ್ತು ಗ್ರಂಥಿಗಳ ಸ್ಥಿತಿಯನ್ನು ಕೂಡಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತದೆ. ಭಾರತದ ರೋಗಿಗಳ ಮಾಹಿತಿಯ ಮೇಲೆಯೇ ಅದನ್ನು ಕಟ್ಟಿದ್ದು, ವೆಚ್ಚವೂ ಬಹಳ ಕಡಿಮೆ. ಎರಡನ್ನೂ ತೂಗಿ ನೋಡಿ, ಚೀಟಿ ಎತ್ತಿ ಹೋಲಿಸಿದ ದೊಡ್ಡ ಅಧ್ಯಯನದ ಬೆಂಬಲವಿದೆ ಎಂದು ಮಕ್ಕಳು ಅಮೆರಿಕದ್ದನ್ನೇ ಆರಿಸಿದರು. ಹತ್ತಿ ಮಾರಿದ ಹಣವೂ ಕೈಸಾಲವೂ ಅದಕ್ಕೆ ಹೋಯಿತು. ಮೇಣದಲ್ಲಿ ಅಚ್ಚು ಹಾಕಿ ಇಟ್ಟಿದ್ದ ಗಂಟಿನ ಚೂರು ಕ್ಯಾಲಿಫೋರ್ನಿಯಾಕ್ಕೆ ಹೋಯಿತು. ಕಾಯುವ ದಿನಗಳು ಬಹಳ ಉದ್ದವಾಗಿದ್ದವು. ಕೊನೆಗೆ ವರದಿ ಬಂತು. ಅಂಕ 17.

“ನಿಮಗೆ ಮಾತ್ರೆ ಸಾಕು ತಾಯಿ, ಕೀಮೊ ಬೇಡ” ಎಂದರು ಡಾಕ್ಟರು. ನಾವೆಲ್ಲ ನಿಟ್ಟುಸಿರು ಬಿಟ್ಟೆವು. ತಂಗಿ ಮಾತ್ರ ಸುಮ್ಮನಿದ್ದಳು. ಏಳನೆಯ ತರಗತಿಗೆ ಶಾಲೆ ಬಿಟ್ಟವಳು ಅವಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: “ಡಾಕ್ಟ್ರೇ, ಆ ಹತ್ತು ಸಾವಿರ ಮಂದ್ಯಾಗ ನಮ್ಮಂಥೋರು ಎಷ್ಟು ಜನ ಇದ್ರು?”

ಡಾಕ್ಟರು ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ಆ ಅಧ್ಯಯನದಲ್ಲಿ ಹೆಚ್ಚಿನವರು ಬಿಳಿಯರು, ನೂರಕ್ಕೆ 84ರಷ್ಟು. ಏಷ್ಯಾ ಮೂಲದವರು ನೂರಕ್ಕೆ ನಾಲ್ವರು ಮಾತ್ರ. ಅದರಲ್ಲೂ ಕರ್ನೂಲು, ಬಳ್ಳಾರಿ ಕಡೆಯ ಹಳ್ಳಿಯವರನ್ನು ಹುಡುಕುವುದೆಲ್ಲಿ? ಇದನ್ನು ಅವರು ಮುಚ್ಚಿಡದೆ ಹೇಳಿದರು. ಆದರೆ ಗಂಟು ಚಿಕ್ಕದು, ಗ್ರಂಥಿಗಳು ಶುದ್ಧ, ವಯಸ್ಸು 50 ದಾಟಿದೆ, ಎಲ್ಲ ಸೂಚನೆಗಳೂ ಒಂದೇ ಕಡೆ ಬೆರಳು ತೋರಿಸುತ್ತಿವೆ, ಅಂಕವೊಂದನ್ನೇ ನಂಬಿ ಹೇಳುತ್ತಿಲ್ಲ ಎಂದೂ ವಿವರಿಸಿದರು. ತಂಗಿ ತಲೆಯಾಡಿಸಿದಳು. ಮಾತ್ರೆಯ ದಾರಿಯನ್ನೇ ಹಿಡಿದಳು.

ಅವಳ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಊರಿಗೆ ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ, ತಿಳಿದವರನ್ನು ಕೇಳಿದೆ. ಅದೇ ಟೈಲರ್‌ಎಕ್ಸ್ ಅಧ್ಯಯನದಲ್ಲಿ ಕಪ್ಪು ವರ್ಣದ ಮಹಿಳೆಯರ ಅಂಕಗಳು ಬಿಳಿಯರ ಅಂಕಗಳಂತೆಯೇ ಇದ್ದರೂ ಅವರ ಫಲಿತಾಂಶ ಅಷ್ಟು ಚೆನ್ನಾಗಿರಲಿಲ್ಲವಂತೆ. ಇದರರ್ಥವೇನು? ಒಂದೇ ಅಂಕ ಎಲ್ಲರ ಬದುಕಿನಲ್ಲೂ ಒಂದೇ ಮಾತು ಹೇಳುವುದಿಲ್ಲ. ನೀಳ ಎಳೆಯ ಹತ್ತಿಯನ್ನು ಮಾತ್ರ ನೋಡಿ ಕಲಿತವನ ಕೈಗೆ ನಮ್ಮ ಕಪ್ಪುನೆಲದ ನಾಟಿ ಹತ್ತಿ ಕೊಟ್ಟರೆ ಅವನ ಅಂದಾಜು ತಪ್ಪಬಹುದು. ಅವನು ಮೋಸಗಾರನಲ್ಲ. ಅವನು ನಮ್ಮ ಹತ್ತಿಯನ್ನು ನೋಡಿಯೇ ಇಲ್ಲ, ಅಷ್ಟೇ.

ಇಂದು ಈ ವಿದ್ಯೆ ಬಹಳ ಮುಂದೆ ಹೋಗಿದೆ. 2023ರಲ್ಲಿ ಪ್ರಕಟವಾದ ಜೀನ್‌ಫಾರ್ಮರ್ ಎಂಬ ಮಾದರಿ ಸುಮಾರು 3 ಕೋಟಿ ಜೀವಕೋಶಗಳ ಜೀನ್ ಚಟುವಟಿಕೆಯನ್ನು ಓದಿ ಕಲಿತದ್ದು. 2025ರಲ್ಲಿ ಗೂಗಲ್ ಡೀಪ್‌ಮೈಂಡ್ ಸಂಸ್ಥೆ ಹೊರತಂದ ಆಲ್ಫಾಜೀನೋಮ್, ಡಿಎನ್‌ಎಯ 10 ಲಕ್ಷ ಅಕ್ಷರಗಳನ್ನು ಒಮ್ಮೆಗೇ ಓದುತ್ತದೆ. ಅದರಲ್ಲಿ ಒಂದು ಅಕ್ಷರ ಬದಲಾದರೆ ಯಾವ ಜೀನಿನ ಸದ್ದು ಏರೀತು, ಯಾವುದು ಇಳಿದೀತು ಎಂದು ಅಂದಾಜು ಹೇಳುತ್ತದೆ. ಮುಂದೆ ಹೃದಯ, ಮಧುಮೇಹ, ಮಿದುಳಿನ ಕಾಯಿಲೆಗಳಿಗೂ ತಕ್ಕ ಔಷಧ ಆರಿಸಲು ಇಂಥವು ನೆರವಾಗಲಿ ಎಂಬುದು ಎಲ್ಲರ ಆಶೆ. ಆದರೆ ತಂಗಿಯ ಪ್ರಶ್ನೆ ಇಲ್ಲಿಯೂ ನಿಲ್ಲುತ್ತದೆ. ಮನುಷ್ಯನ ಬೇರೆಬೇರೆ ಅಂಗಗಳಲ್ಲಿ ಜೀನುಗಳ ಚಟುವಟಿಕೆಯನ್ನು ಅಳೆದಿಟ್ಟಿರುವ ಹೆಸರಾಂತ ಅಮೆರಿಕನ್ ಸಂಗ್ರಹವೊಂದಿದೆ, ಜಿಟೆಕ್ಸ್ ಎಂದು. ಅದರ 2020ರ ಆವೃತ್ತಿಯಲ್ಲಿದ್ದ 838 ದಾನಿಗಳಲ್ಲಿ ನೂರಕ್ಕೆ 85ರಷ್ಟು ಜನ ಯುರೋಪ್ ಮೂಲದವರು. ಒಂದು ಜನಾಂಗದ ಮಾಹಿತಿಯಿಂದ ಕಲಿತ ಲೆಕ್ಕ ಬೇರೆ ಜನಾಂಗದಲ್ಲಿ ಅಷ್ಟು ಸರಿಯಾಗಿ ಹೊಂದುವುದಿಲ್ಲವೆಂದು ಸಂಶೋಧಕರೇ ತೋರಿಸಿದ್ದಾರೆ.

ಲೆಕ್ಕಕ್ಕೆ ಸೇರುವುದು ಎಂದರೇನೆಂದು ಗಡಿಭಾಗದವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ, ಅಲ್ಲಿಯವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಮನೆಮಾತು ಕನ್ನಡವಾಗಿ, ಕಚೇರಿಯ ಮಾತು ತೆಲುಗಾಗಿ ಬದುಕಿದವರು ನಾವು. ಅದಕ್ಕೇ ಜನಗಣತಿಯವರು ಬಂದಾಗಲೆಲ್ಲ, ಮಾತೃಭಾಷೆ ಎಂಬಲ್ಲಿ ಕನ್ನಡ ಎಂದೇ ಬರೆಸಿರಿ ಎಂದು ನಾವು ಶಿಕ್ಷಕರು ಮನೆಮನೆಗೆ ಹೇಳಿಬರುತ್ತಿದ್ದೆವು. ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಶಾಲೆಯೂ ಇಲ್ಲ, ಮೇಷ್ಟರೂ ಇಲ್ಲ. ಔಷಧದ ಲೆಕ್ಕದಲ್ಲೂ ಅದೇ ನ್ಯಾಯ. ಮಾದರಿಗೆ ಯಾರನ್ನು ತೋರಿಸಿದ್ದಾರೋ ಅವರನ್ನೇ ಅದು ಚೆನ್ನಾಗಿ ಬಲ್ಲದು.

ನಮ್ಮ ದೇಶದಲ್ಲಿ ಈ ಗಣತಿ ಶುರುವಾಗಿದೆ ಎಂಬುದು ಸಂತೋಷದ ವಿಷಯ. ಜೀನೋಮ್ ಇಂಡಿಯಾ ಯೋಜನೆಯಲ್ಲಿ 20 ಸಂಸ್ಥೆಗಳು ಸೇರಿ, 80ಕ್ಕೂ ಹೆಚ್ಚು ಜನಸಮುದಾಯಗಳಿಂದ ಸುಮಾರು 10,000 ಜನರ ಡಿಎನ್‌ಎ ಬರಹವನ್ನು ಪೂರ್ತಿಯಾಗಿ ಓದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಇದರ ಮುಂದಾಳು. 2025ರ ಜನವರಿ 9ರಂದು ಆ ಮಾಹಿತಿಯನ್ನು ಸಂಶೋಧಕರ ಬಳಕೆಗೆ ಬಿಡಲಾಯಿತು. ಇದು ಬರಹದ ಗಣತಿ. ಮಗ್ಗದ ಸದ್ದಿನ ಗಣತಿ, ಎಂದರೆ ಜೀನುಗಳ ಚಟುವಟಿಕೆಯ ಗಣತಿ, ಇನ್ನೂ ಬಹಳ ನಡೆಯಬೇಕಾಗಿದೆ. ಅದರಲ್ಲೂ ಕೆಲಸ ಮಾಡುತ್ತಿರುವವರಿದ್ದಾರೆ. 1963ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರು ಬೆಂಗಳೂರಿನಲ್ಲಿ ಆರಂಭಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ನಮಗೆಲ್ಲ ಗೊತ್ತು. ಅದರ ಜೊತೆಗಿರುವ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ, ಬೆಂಗಳೂರಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದ ಮಹಿಳೆಯರು ಒಪ್ಪಿ ಕೊಟ್ಟ ಗಂಟಿನ ಚೂರುಗಳಲ್ಲಿ ಜೀನುಗಳ ಚಟುವಟಿಕೆಯನ್ನು ಅಭ್ಯಾಸ ಮಾಡುತ್ತ ಬಂದಿದ್ದಾರೆ.

ಕೆಲವರಿಗೆ ಅನುಮಾನವಿರಬಹುದು: ಇದು ದೇವರ ಸೃಷ್ಟಿಯಲ್ಲಿ ಕೈಯಾಡಿಸಿದಂತಲ್ಲವೇ? ಇಲ್ಲಿ ಯಾರೂ ಏನನ್ನೂ ತಿದ್ದುತ್ತಿಲ್ಲ, ಓದುತ್ತಿದ್ದಾರೆ ಅಷ್ಟೇ. ವಂಶವಾಹಿಯ ಮೊದಲ ಪಾಠವನ್ನು ಮಠದ ತೋಟದ ಬಟಾಣಿ ಗಿಡಗಳಲ್ಲಿ ಓದಿ 1866ರಲ್ಲಿ ಪ್ರಕಟಿಸಿದ ಗ್ರೆಗೊರ್ ಮೆಂಡೆಲರು ಅಗಸ್ಟೀನ್ ಸಭೆಯ ಗುರುಗಳಾಗಿದ್ದರು.

ಇನ್ನೊಂದು ಅನುಮಾನ ನ್ಯಾಯವಾದದ್ದು. ನಮ್ಮ ರಕ್ತ, ನಮ್ಮ ಮಾಂಸದ ಚೂರು ತೆಗೆದುಕೊಂಡು ಏನು ಮಾಡುತ್ತಾರೋ ಎಂಬ ಭಯ. ಅದಕ್ಕೆ ನಿಯಮಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ನೀತಿಸೂತ್ರಗಳ ಪ್ರಕಾರ, ಒಪ್ಪಿಗೆ ಕೇಳುವವರು ನಮಗೆ ತಿಳಿಯುವ ಭಾಷೆಯಲ್ಲೇ ಎಲ್ಲವನ್ನೂ ವಿವರಿಸಬೇಕು. ಒಪ್ಪದಿದ್ದರೂ ಚಿಕಿತ್ಸೆಗೆ ತೊಂದರೆ ಬರಬಾರದು. ಒಪ್ಪಿದ ಮೇಲೂ ಹಿಂದೆ ಸರಿಯುವ ಹಕ್ಕಿದೆ. ನಮ್ಮ ಗುರುತನ್ನು ಗುಟ್ಟಾಗಿ ಇಡಬೇಕು. ಆದ್ದರಿಂದ ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಕಾಗದ ಕೊಟ್ಟರೆ ಸುಮ್ಮನೆ ಹೆಬ್ಬೆಟ್ಟು ಒತ್ತಬೇಡಿ. ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಿರಿ.

ತಂಗಿಗೂ ಮೂರನೆಯ ಭೇಟಿಯಲ್ಲಿ ಇಂಥ ಕಾಗದ ಬಂತು. ಮಿಕ್ಕಿದ ಗಂಟಿನ ಚೂರನ್ನು ಸಂಶೋಧನೆಗೆ ಬಳಸಬಹುದೇ ಎಂದು ಕೇಳಿದ್ದರು. ನಾನು ಕನ್ನಡದಲ್ಲಿದ್ದುದನ್ನು ಸಾಲುಸಾಲಾಗಿ ಓದಿ ಹೇಳಿದೆ. ಅವಳು ಎರಡು ಪ್ರಶ್ನೆ ಕೇಳಿದಳು. ಹಣ ಕೊಡಬೇಕೇ? ಬೇಡ. ನನಗೇನಾದರೂ ಲಾಭವೇ? ಇಲ್ಲ, ಮುಂದಿನವರಿಗೆ ಆಗಬಹುದು. “ಹಂಗಾದ್ರ ಒಂದು ಲೆಕ್ಕಕ್ಕೆ ನಾನೂ ಇರ್ಲಿ” ಎಂದು ಸಹಿ ಮಾಡಿದಳು.

ಕೊನೆಯದಾಗಿ, ಅನುಭವದಿಂದ ಕೆಲವು ಮಾತು. ಎದೆಯಲ್ಲಿ ಗಂಟು ಕಂಡರೆ ನಾಚಿಕೆಯಿಂದ ಮುಚ್ಚಿಡಬೇಡಿ. ಎಂಥ ಕಂಪ್ಯೂಟರ್ ಲೆಕ್ಕವೂ ತಡವಾಗಿ ಹೋದವರಿಗೆ ಅಷ್ಟು ಸಹಾಯ ಮಾಡಲಾರದು. ಈ ಪರೀಕ್ಷೆ ಎಲ್ಲ ಕ್ಯಾನ್ಸರಿಗೂ ಅಲ್ಲ. ಹಾರ್ಮೋನಿನಿಂದ ಬೆಳೆಯುವ ಬಗೆಯ, ಆರಂಭದ ಹಂತದ ಸ್ತನ ಕ್ಯಾನ್ಸರಿಗೆ ಮಾತ್ರ. ಆದ್ದರಿಂದ ನಮಗೆ ಇದು ಹೊಂದುತ್ತದೆಯೇ ಎಂದು ಡಾಕ್ಟರನ್ನೇ ಕೇಳಿ. ಕೀಮೊ ಬೇಕೇ ಬೇಕು ಎಂದು ಡಾಕ್ಟರು ಹೇಳಿದವರು ಭಯದಿಂದ ಬಿಡಬಾರದು. ಅದು ಸಾವಿರಾರು ಜೀವಗಳನ್ನು ಉಳಿಸಿದ ಔಷಧ. ಶಸ್ತ್ರಚಿಕಿತ್ಸೆಯ ವರದಿಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಪಾನವಾಗಿಡಿ. ಮೇಣದ ಅಚ್ಚು ಎಲ್ಲಿದೆ ಎಂದು ಬರೆದಿಟ್ಟುಕೊಳ್ಳಿ.

ತಂಗಿ ಈಗಲೂ ದಿನಕ್ಕೊಂದು ಮಾತ್ರೆ ನುಂಗುತ್ತಾಳೆ. ಮಾತ್ರೆಯಿಂದ ಕೀಲುನೋವು ಇದೆ, ಆದರೂ ಹೊಲಕ್ಕೆ ಹೋಗುತ್ತಾಳೆ. ಆರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುವ ಹಿಂದಿನ ರಾತ್ರಿ ಅವಳಿಗೂ ನನಗೂ ನಿದ್ದೆ ಬರುವುದಿಲ್ಲ. ಆ ಕಳವಳವನ್ನು ಯಾವ ಅಂಕವೂ ತೆಗೆದುಹಾಕಲಾರದು. ಪ್ರಿಯ ಓದುಗರೇ, ನಿಮ್ಮಲ್ಲಿ ಯಾರಾದರೂ ನಾಳೆ ಇಂಥ ವರದಿಯನ್ನು ಕೈಯಲ್ಲಿ ಹಿಡಿದು ಡಾಕ್ಟರ ಮುಂದೆ ಕುಳಿತರೆ ಅವಳ ಪ್ರಶ್ನೆಯನ್ನು ತಪ್ಪದೆ ಕೇಳಿ. ಉತ್ತರ ಕೇಳಿ ಧೈರ್ಯ ತಂದುಕೊಳ್ಳಿ. ಸರಿಯಾಗಿ ವಿವರಿಸಿ ಒಪ್ಪಿಗೆ ಕೇಳಿದರೆ ನಿಮ್ಮ ಹೆಸರನ್ನೂ ಆ ಲೆಕ್ಕಕ್ಕೆ ಸೇರಿಸಿ. ನಮ್ಮ ಮೊಮ್ಮಕ್ಕಳು ಆ ಪ್ರಶ್ನೆ ಕೇಳುವ ಹೊತ್ತಿಗೆ ಉತ್ತರ ಸ್ವಲ್ಪ ದೊಡ್ಡದಾಗಿರಲಿ.